ಒಂದು ಅಡಿ ಏರಿದರೆ ಒಂದು ಪೆನ್ನಿ

ಸೈಕಲ್ ತುಳಿದು ದುಡ್ಡು ಎತ್ತುವುದು ಇಂಗ್ಲೆಂಡಿನಲ್ಲಿ ಹೊಸದೇನಲ್ಲ. ಆಫೀಸಿನಲ್ಲಿ ಆಗಾಗ ಯಾರಾದರೂ ಲಿಂಕ್ ಕಳಿಸುತ್ತಲೇ ಇರುತ್ತಾರೆ. ಒಬ್ಬರದು ಕ್ಯಾನ್ಸರ್, ಇನ್ನೊಬ್ಬರದು ಬೀದಿನಾಯಿ. ಐದು ಪೌಂಡ್ ಹಾಕಿ ಮರೆತುಬಿಡುತ್ತೇವೆ, ಅಲ್ವಾ? ಅವರ ನಡುವೆ ನಿಂತು ರಾಯಚೂರು ಜಿಲ್ಲೆಯ ವಿಧವೆಯರಿಗೆ ಕೊಡಿ ಅಂದರೆ ಯಾರು ಕೊಡುತ್ತಾರೆ ಅಂತ ಸೈಕಲ್ ಕ್ಲಬ್ಬಿನವರು ಕೇಳಿದರು. ನಮ್ಮ ಕನ್ನಡದ ಗೆಳೆಯರೂ ಅದನ್ನೇ ಕೇಳಿದರು. ಕೊಟ್ಟರು. ಎಷ್ಟು, ಹೇಗೆ ಅಂತ ಬರೆಯುತ್ತೇನೆ.

ಇದೆಲ್ಲ ಶುರುವಾದದ್ದು ಒಬ್ಬ ಗೆಳೆಯನಿಂದ. ಅವನು ರಾಯಚೂರು ಕಡೆಯವನು. ಭಾನುವಾರ ಇಬ್ಬರೂ ಒಟ್ಟಿಗೆ ತುಳಿಯುತ್ತಿದ್ದೆವು. ಏರು ಬಂದಾಗ ನಾನು ಹಿಂದೆ ಬಿದ್ದರೆ "ಏನಲೇ, ಗುಡ್ಡ ಕಂಡ್ರ ಇಳದು ನಡೀತಿಯೇನು?" ಅಂತ ಮುಂದಿನಿಂದ ಕೂಗುತ್ತಿದ್ದ. ಐವತ್ತು ಆಗುವ ಮೊದಲೇ ಹೃದಯ ನಿಂತು ಹೋದ. ಅವನು ಊರಿನ ಏಳೆಂಟು ಹೆಂಗಸರಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದ ಅಂತ ಆಮೇಲೆ ಬ್ಯಾಂಕಿನ ಕಾಗದ ನೋಡಿದಾಗಲೇ ಅವನ ಹೆಂಡತಿಗೂ ಗೊತ್ತಾಗಿದ್ದು. ಎಲ್ಲರೂ ಗಂಡ ತೀರಿಕೊಂಡವರು. ಅವನ ಅವ್ವನೂ ಹಾಗೆಯೇ, ಹತ್ತಿ ಬಿಡಿಸಿ ಇವನನ್ನು ಓದಿಸಿದವಳು. ಸರ್ಕಾರದ ವಿಧವಾ ವೇತನ 2021ರಲ್ಲಿ ಜಾಸ್ತಿಯಾದ ಮೇಲೂ ತಿಂಗಳಿಗೆ 800 ರೂಪಾಯಿ. ಅದರಲ್ಲಿ ಏನಾಗುತ್ತದೆ?

ಆ ದುಡ್ಡು ನಿಲ್ಲಬಾರದು ಅಂತ ಹೊರಟೆವು. ದಾರಿ ಸಿ2ಸಿ, ಅಂದರೆ ಸೀ ಟು ಸೀ, ಉತ್ತರ ಇಂಗ್ಲೆಂಡನ್ನು ಒಂದು ಸಮುದ್ರದಿಂದ ಇನ್ನೊಂದು ಸಮುದ್ರದವರೆಗೆ ದಾಟುವ ಸೈಕಲ್ ದಾರಿ. ಪಶ್ಚಿಮದ ವೈಟ್‌ಹೇವನ್‌ನಿಂದ ಪೂರ್ವದ ಟೈನ್‌ಮೌತ್‌ವರೆಗೆ, ಸುಮಾರು 140 ಮೈಲಿ. ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಹೆಚ್ಚಿನವರು ಈ ದಿಕ್ಕಿನಲ್ಲೇ ತುಳಿಯುತ್ತಾರೆ.

ಮೊದಲ ವರ್ಷ ಎಲ್ಲರೂ ಮಾಡುವುದನ್ನೇ ಮಾಡಿದೆವು. ದೇಣಿಗೆಗೆ ಆನ್‌ಲೈನ್‌ನಲ್ಲಿ ಒಂದು ಪೇಜ್, ಗೆಳೆಯನ ಫೋಟೊ, ಉದ್ದನೆಯ ಬರಹ. ಬಂದದ್ದು ಏಳುನೂರು ಪೌಂಡ್ ಇರಬಹುದು. ಅದರಲ್ಲೂ ಮುಕ್ಕಾಲು ಪಾಲು ಅವನನ್ನು ಬಲ್ಲವರದ್ದೇ. ಎರಡು ರಾತ್ರಿಯ ರೂಮು, ವಾಪಸ್ ಬರುವ ವ್ಯಾನು, ಹೊಸ ಟೈರು ಎಲ್ಲ ಸೇರಿ ನನ್ನ ಜೇಬಿನಿಂದ ನಾನೂರರ ಹತ್ತಿರ ಹೋಯಿತು. "ಮನೇಲೇ ಕೂತು ಆ ನಾನೂರು ಕೊಟ್ಟಿದ್ರೆ ಕಾಲುನೋವಾದ್ರೂ ತಪ್ತಿತ್ತಲ್ಲ?" ಅಂದಳು ಹೆಂಡತಿ. ಉತ್ತರ ಇರಲಿಲ್ಲ.

ಚಳಿಗಾಲದಲ್ಲಿ ಏನೇನೋ ಮಾಡಿ ನೋಡಿದೆ. ಆಫೀಸಿನಲ್ಲಿ ಸಮೋಸ ಮಾರಿದೆ. ಎಣ್ಣೆ, ಗ್ಯಾಸು ಕಳೆದರೆ ಗಂಟೆಗೆ ಮೂರು ಪೌಂಡ್ ಕೂಲಿ ಬಿತ್ತು. ಸೂಪರ್‌ಮಾರ್ಕೆಟ್ ಬಾಗಿಲಲ್ಲಿ ಟರ್ಬೊ (ಸೈಕಲ್ಲನ್ನು ನಿಂತಲ್ಲೇ ತುಳಿಯುವ ಸ್ಟ್ಯಾಂಡು) ಹಾಕಿಕೊಂಡು ಇಡೀ ಶನಿವಾರ ತುಳಿದೆ. ಚಿಲ್ಲರೆ ಬಂತು, ಜೊತೆಗೆ ನೆಗಡಿ. ಯುಗಾದಿಗೆ ಹೋಳಿಗೆ ಮಾರಿದ್ದು ಮಾತ್ರ ಚೆನ್ನಾಗಿ ಹೋಯಿತು, ಇನ್ನೂರೈವತ್ತು ದಾಟಿತು. ಆದರೆ ಅದಕ್ಕೆ ಸೈಕಲ್ ಯಾಕೆ ಬೇಕು?

ಕೊನೆಗೆ ಘಾಟಿಗಳನ್ನು ಮಾರಿದೆ.

ಲೆಕ್ಕ ಸುಲಭ. ಒಂದು ಅಡಿಗೆ ಒಂದು ಪೆನ್ನಿ, ನೂರು ಪೆನ್ನಿಗೆ ಒಂದು ಪೌಂಡ್. ದಾರಿಯಲ್ಲಿ ಸಿಗುವ ಹಾರ್ಟ್‌ಸೈಡ್ ಘಾಟಿ 1,904 ಅಡಿ, ಅಂದರೆ 19 ಪೌಂಡ್ 4 ಪೆನ್ಸ್. ವಿನ್‌ಲ್ಯಾಟರ್ 1,043 ಅಡಿ, ಹತ್ತು ಪೌಂಡ್ ಚಿಲ್ಲರೆ. ನೆಂಟ್‌ಹೆಡ್ ಊರಿನ ಆಚೆಯ ಬ್ಲ್ಯಾಕ್ ಹಿಲ್ 1,998 ಅಡಿ, ಇಪ್ಪತ್ತಕ್ಕೆ ಎರಡು ಪೆನ್ಸ್ ಕಡಿಮೆ. ಮೂರೂ ಬೇಕು ಅಂದರೆ ಐವತ್ತರೊಳಗೆ. ಷರತ್ತು ಒಂದೇ: ಏರಿನಲ್ಲಿ ನನ್ನ ಕಾಲು ನೆಲಕ್ಕೆ ತಾಗಿದರೆ ಆ ಘಾಟಿಯ ದುಡ್ಡು ಕೊಡಬೇಕಾಗಿಲ್ಲ.

ಈ ಷರತ್ತೇ ಕೆಲಸ ಮಾಡಿದ್ದು. "ಇಪ್ಪತ್ತು ಪೌಂಡ್ ಕೊಡಿ" ಅಂದರೆ ಐದು ಕೊಡುತ್ತಿದ್ದವರು, "ನೀನು ಹಾರ್ಟ್‌ಸೈಡ್ ಹತ್ತಲ್ಲ, ನೋಡೋಣ" ಅಂತ ಹತ್ತೊಂಬತ್ತಕ್ಕೆ ಒಪ್ಪಿಕೊಂಡರು. ದಾನ ಕೇಳಿದಾಗ ಮುಖ ತಿರುಗಿಸುವವರು ಪಂಥ ಕಟ್ಟಲು ತಾವೇ ಹುಡುಕಿಕೊಂಡು ಬಂದರು. ನನ್ನ ಹೊಟ್ಟೆ ನೋಡಿ ಕೆಲವರು ಮೂರೂ ಘಾಟಿ ಹಿಡಿದರು! ಅಕೌಂಟ್ಸ್‌ನ ಒಬ್ಬ ಪುಣ್ಯಾತ್ಮ ತಕರಾರು ತೆಗೆದ: ಅದು ಸಮುದ್ರಮಟ್ಟದಿಂದ ಎತ್ತರ, ನೀನು ನಿಜವಾಗಿ ಏರುವುದು ಅಷ್ಟಿಲ್ಲ. ಹಿಂದಿನ ಚಕ್ರವನ್ನು ಐರಿಶ್ ಸಮುದ್ರದಲ್ಲಿ ಅದ್ದಿಯೇ ಹೊರಡುವುದು ಮಾರಾಯ, ಲೆಕ್ಕ ಅಲ್ಲಿಂದಲೇ ಅಂದೆ. ಅವನೂ ಕೊಟ್ಟ.

ದುಡ್ಡು ಈಗಲೇ ಹಾಕಿ ಅಂತ ಯಾರನ್ನೂ ಕೇಳಲಿಲ್ಲ. ಬರೀ ಹೆಸರು ಬರೆದುಕೊಂಡೆ. ರೈಡ್ ಮುಗಿದ ಮೇಲೆ ಎಲ್ಲ ಒಟ್ಟಿಗೆ ವಸೂಲಿ. ಒಂದೊಂದು ಸಲಕ್ಕೂ ಕಾರ್ಡಿನವರು ಎರಡು ಪರ್ಸೆಂಟ್ ಹತ್ತಿರ ಮತ್ತು 20 ಪೆನ್ಸ್ ಹಿಡಿಯುತ್ತಾರೆ. ಎರಡೆರಡು ಪೌಂಡ್ ಹಾಕಿಸಿದರೆ ಅವರಿಗೇ ಹಬ್ಬ. ವಸೂಲಿಗೆ ನಾನು ಕಳಿಸಿದ ಎರಡನೇ ಮೆಸೇಜಿನಲ್ಲಿ ಒಂದು ಸಾಲು ಇತ್ತು. ಅದನ್ನು ಓದಿ ಕೊಡದೆ ಉಳಿದವರು ಬೆರಳೆಣಿಕೆಯಷ್ಟು ಜನ. ಆ ಸಾಲು ಇಲ್ಲಿ ಬರೆಯಲ್ಲ, ಮುಂದಿನ ವರ್ಷಕ್ಕೂ ಬೇಕು.

2023ರ ಜೂನ್ 23 ಶುಕ್ರವಾರ ಬಂದಿತ್ತು. ಅಂತರರಾಷ್ಟ್ರೀಯ ವಿಧವೆಯರ ದಿನ. ಆವತ್ತೇ ಹೊರಟೆವು. ಆ ಹೊತ್ತಿಗೆ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅದೂ ಒಂದು ಅನುಕೂಲ. ವಿನ್‌ಲ್ಯಾಟರ್ ಸುಲಭವಾಗಿ ಮುಗಿಯಿತು. ಕೆಸ್‌ವಿಕ್‌ನಿಂದ ತ್ರೆಲ್ಕೆಲ್ಡ್‌ವರೆಗೆ ಹಳೇ ರೈಲು ದಾರಿ. 2015ರ ಡೆಸ್ಮಂಡ್ ಬಿರುಗಾಳಿಗೆ ಕೊಚ್ಚಿಹೋಗಿ 2020ರಲ್ಲಿ ಮತ್ತೆ ತೆರೆದದ್ದು. ಈಗ ಕಾರಿನ ಕಾಟವಿಲ್ಲದೆ ಹೋಗಬಹುದು.

ಹಾರ್ಟ್‌ಸೈಡ್ ಕಡಿದಾದ ಏರಲ್ಲ, ಮುಗಿಯದ ಏರು. ತಿರುವು ಕಳೆದರೆ ಇನ್ನೊಂದು ತಿರುವು. ಮೇಲೆ ಇದ್ದ ಕೆಫೆ 2018ರಲ್ಲಿ ಸುಟ್ಟುಹೋಗಿದೆ, ಹಾಗಾಗಿ ಟೀ ಆಸೆ ಇಟ್ಟುಕೊಂಡು ಹತ್ತಬೇಡಿ. ಏರು ಹಗುರಾಗಲಿ ಅಂತ ಹಿಂದಿನ ಚಕ್ರದ ಗೇರಿಗೆ 34 ಹಲ್ಲಿನ ದೊಡ್ಡ ಹಲ್ಲುಚಕ್ರ ಹಾಕಿಸಿದ್ದೆ. ಕ್ಲಬ್ಬಿನ ಹುಡುಗರು ನಕ್ಕಿದ್ದರು. ಅವರಲ್ಲಿ ಇಬ್ಬರು ಇಳಿದು ತಳ್ಳಿದರು, ನಾನು ಇಳಿಯಲಿಲ್ಲ. ಸೈಕಲ್‌ನವರು ಶಕ್ತಿಗೆ ಅಂತ ತಿನ್ನುವ ಜೆಲ್ ಬದಲು ರಾಗಿ ಹುರಿಹಿಟ್ಟಿಗೆ ಬೆಲ್ಲ, ಕಡಲೆಬೀಜದ ಪುಡಿ, ಸ್ವಲ್ಪ ಉಪ್ಪು ಸೇರಿಸಿ ಉಂಡೆ ಕಟ್ಟಿಕೊಂಡಿದ್ದೆ. ಹೊಟ್ಟೆ ತೊಳಸಲಿಲ್ಲ, ಖರ್ಚು ಹತ್ತರಲ್ಲಿ ಒಂದು ಭಾಗ. ಬಾಯಿ ಮಾತ್ರ ಒಣಗುತ್ತದೆ, ನೀರು ಜಾಸ್ತಿ ಇಟ್ಟುಕೊಳ್ಳಿ. ಹಿಂದಿನ ಸಲ ಚಿಕ್ಕಿ ಒಯ್ದಿದ್ದೆ, ಬೆವರಿನ ಜೇಬಿನಲ್ಲಿ ಅಂಟಾಗಿ ಜರ್ಸಿಯೇ ಹಾಳಾಯಿತು.

ಸ್ಟ್ಯಾನ್‌ಹೋಪ್ ಬಿಡುವಾಗ ಸಿಗುವ ಕ್ರಾಲಿಸೈಡ್ ಬೇರೆ ಕಥೆ. ಊರು ದಾಟಿ ಕಾಲು ಬಿಸಿಯಾಗುವ ಮೊದಲೇ ಏಣಿ ಇಟ್ಟ ಹಾಗೆ ನಿಲ್ಲುತ್ತದೆ. ಇದನ್ನು ಒಬ್ಬರಿಗೇ ದುಬಾರಿ ಬೆಲೆಗೆ ಮಾರಿದ್ದೆ. ಅರ್ಧದಲ್ಲಿ ಚೈನ್ ಕಳಚಿತು, ಕಾಲು ನೆಲಕ್ಕೆ ತಾಗಿತು. ಜೊತೆಗೆ ಬರುತ್ತಿದ್ದವನು ವಿಡಿಯೊ ಮಾಡುತ್ತಿದ್ದ, ಮುಚ್ಚಿಡುವ ಹಾಗಿಲ್ಲ. ಪಂಥ ಸೋತೆ. ಆ ಮನುಷ್ಯ ವಿಡಿಯೊ ನೋಡಿ ನಕ್ಕು ದುಪ್ಪಟ್ಟು ಕೊಟ್ಟ.

ಒಟ್ಟು ಬಂದದ್ದು 6,800 ಪೌಂಡ್ ಆಸುಪಾಸು. ಗಿಫ್ಟ್ ಏಡ್ ಸೇರಿ ಎಂಟು ಸಾವಿರ ದಾಟಿತು. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರದಿಂದ 25 ಪೆನ್ಸ್ ಸೇರುತ್ತದೆ. ಫಾರಂನಲ್ಲಿ ಟಿಕ್ ಹಾಕಿಸುವುದನ್ನು ಬಿಡಬೇಡಿ. ನಿಮ್ಮ ಖರ್ಚನ್ನು ನೀವೇ ಹಾಕಿಕೊಳ್ಳಿ. ದೇಣಿಗೆಯಿಂದ ತೆಗೆದರೆ ಮನೆಯವರು ಕೊಟ್ಟ ದುಡ್ಡಿನ ಗಿಫ್ಟ್ ಏಡ್‌ಗೆ ತಗಾದೆ ಬರಬಹುದು.

ದುಡ್ಡು ಎತ್ತಿದ್ದಕ್ಕಿಂತ ಕಳಿಸಿದ್ದೇ ಕಷ್ಟ. ಗೆಳೆಯನದು ಭಾರತದ ಪಾಸ್‌ಪೋರ್ಟ್, ಸ್ವಂತ ಉಳಿತಾಯ. ಅವನು ಬ್ಯಾಂಕಿನಿಂದ ಕಳಿಸಿದರೆ ಎಫ್‌ಸಿಆರ್‌ಎ, ಅಂದರೆ ಭಾರತದ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಡ್ಡ ಬರುತ್ತಿರಲಿಲ್ಲ. ನನ್ನದು ಬ್ರಿಟಿಷ್ ಪಾಸ್‌ಪೋರ್ಟ್, ದುಡ್ಡೂ ಇಲ್ಲಿನ ಜನರದ್ದು. ಅದು ವಿದೇಶಿ ದೇಣಿಗೆ. 2020ರ ತಿದ್ದುಪಡಿ ಆದ ಮೇಲೆ ಅಂಥ ದುಡ್ಡು ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ. ಊರಿನ ಮಹಿಳಾ ಸಂಘಕ್ಕೆ ನೇರವಾಗಿ ಕಳಿಸುವ ಮಾತೇ ಇಲ್ಲ. ಒಪ್ಪಿಕೊಂಡಿದ್ದ ಒಂದು ಟ್ರಸ್ಟಿನ ನೋಂದಣಿ ನವೀಕರಣಕ್ಕೆ ಕೂತು ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಇಲ್ಲಿನ ಚಾರಿಟಿಯ ಮೂಲಕ ಇನ್ನೊಂದನ್ನು ಹುಡುಕಿ, ಹಳ್ಳಿಯಲ್ಲಿ ತಾನೇ ನಿಂತು ಕೆಲಸ ಮಾಡುತ್ತದೆ ಅಂತ ಖಾತ್ರಿ ಮಾಡಿಕೊಂಡು ಕಳಿಸುವಷ್ಟರಲ್ಲಿ ಆರು ತಿಂಗಳು ಹೋಯಿತು. ಪಂಥ ಕಟ್ಟಿದವರು ನಡುನಡುವೆ ಕೇಳುತ್ತಿದ್ದರು. ಎಲ್ಲಿಗೆ ಬಂದಿದೆ ಅಂತ ಪ್ರತಿ ತಿಂಗಳು ಎರಡು ಸಾಲು ಬರೆದು ಕಳಿಸುತ್ತಿದ್ದೆ.

ಹೊಲಿಗೆ ಯಂತ್ರ ಕೊಡೋಣ ಅಂತ ನಮ್ಮೆಲ್ಲರ ಮನಸ್ಸಿನಲ್ಲಿತ್ತು. ಗೆಳೆಯನ ಅವ್ವನಿಗೆ ಫೋನ್ ಮಾಡಿದೆ. "ಎಲ್ಲಾರೂ ಅದನ್ನ ಕೊಡ್ತಾರಪ್ಪ. ಒಂದೂರಾಗ ಹತ್ತು ಮಷೀನ್ ಆದ್ರ ಹೊಲಸೋರು ಯಾರು? ಆಡು ಕೊಡ್ರಿ, ಇಲ್ಲಾಂದ್ರ ರೊಟ್ಟಿ ಮಾಡಾಕ ಹಂಚು, ಒಲಿ, ಜ್ವಾಳ ಕೊಡ್ರಿ" ಅಂದರು. ಹಾಗೇ ಆಯಿತು. ಗಬ್ಬದ ಆಡು ಒಂದಕ್ಕೆ ಹತ್ತು ಹನ್ನೆರಡು ಸಾವಿರ ರೂಪಾಯಿ ಬಿತ್ತು. ಖಡಕ್ ರೊಟ್ಟಿ ಮಾಡುವವರು ಪೇಟೆಯ ಖಾನಾವಳಿಗೆ ಹಾಕುತ್ತಿದ್ದಾರೆ. ಆಡುಗಳಲ್ಲಿ ಕೆಲವು ಸತ್ತವು, ವಿಮೆ ಮಾಡಿಸಿದ್ದವಕ್ಕೆ ದುಡ್ಡು ಬಂತು.

ಈಗ ಘಾಟಿ ಮಾರುವುದನ್ನು ಕ್ಲಬ್ಬಿನಲ್ಲಿ ಇನ್ನಿಬ್ಬರು ಶುರು ಮಾಡಿದ್ದಾರೆ, ಅನುಮಾನಪಟ್ಟವರೇ. ಹಾಗಾಗಿ ನಾನು ಹೊಸ ಸರಕು ತೆಗೆದಿದ್ದೇನೆ. ಈ ಸಲ ಪೂರ್ವದಿಂದ ಪಶ್ಚಿಮಕ್ಕೆ, ಎದುರುಗಾಳಿಗೆ ಮೈಲಿಗೆ ಐವತ್ತು ಪೆನ್ಸ್. ಅಕೌಂಟ್ಸ್‌ನವನು ಆಗಲೇ ಕೇಳಿದ್ದಾನೆ, ಗಾಳಿ ಎದುರಿನಿಂದಲೇ ಬಂತು ಅಂತ ಹೇಗೆ ತೋರಿಸ್ತೀಯ ಅಂತ.