ಅಡಿಕೆಗೆ ಬೋರ್ಡೋ ಮದ್ದು: ಕಲಸುವ ಸರಿಯಾದ ಕ್ರಮ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಪೈವಳಿಕೆ, ಮುಳ್ಳೇರಿಯ ಕಡೆಯ ತೋಟಗಳಲ್ಲಿ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಗೆ ಎಳೆ ಅಡಿಕೆ ಉದುರತೊಡಗಿದಾಗ ಮೊದಲು ಕೇಳಿಬರುವ ಮಾತು, ‘ಎರಡು ಸಲ ಮದ್ದು ಬಿಟ್ಟೆವು, ಆದರೂ ಕೊಳೆರೋಗ ನಿಲ್ಲಲಿಲ್ಲ’ ಎಂಬುದು. ಹೀಗೆ ಹೇಳುವವರ ಅಂಗಳದಲ್ಲಿ ಮದ್ದು ಕಲಸುವುದನ್ನು ಒಮ್ಮೆ ನಿಂತು ನೋಡಿದರೆ ಕಾರಣ ಹೆಚ್ಚಿನ ಸಲ ಅಲ್ಲಿಯೇ ಸಿಗುತ್ತದೆ. ಮೈಲುತುತ್ತು (ತಾಮ್ರದ ಸಲ್ಫೇಟ್) ಸರಿಯಿರುತ್ತದೆ, ಪಂಪು ಸರಿಯಿರುತ್ತದೆ, ಮರ ಏರುವವರೂ ನುರಿತವರೇ ಆಗಿರುತ್ತಾರೆ; ಕೆಟ್ಟಿರುವುದು ಡ್ರಮ್ಮಿನೊಳಗಿನ ಮಿಶ್ರಣ.

ಫ್ರಾನ್ಸಿನ ಬೋರ್ಡೋ ಪ್ರದೇಶದಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ತಾಮ್ರದ ಲವಣ ಮತ್ತು ಸುಣ್ಣವನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಷ್ಟು ರೋಗ ತಗಲದಿರುವುದನ್ನು 1882ರಲ್ಲಿ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಈ ಮಿಶ್ರಣದ ವಿವರವನ್ನು ಪ್ರಕಟಿಸಿದರು. ನಮ್ಮ ಅಡಿಕೆಯ ಕೊಳೆರೋಗಕ್ಕೆ ಅದನ್ನು ಒಗ್ಗಿಸಿದ ಶ್ರೇಯಸ್ಸು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರಿಗೆ ಸಲ್ಲಬೇಕು. ಕೊಳೆರೋಗದ ಕುರಿತು ಅವರ ವರದಿ ಬಂದದ್ದು 1910ರಲ್ಲಿ. ಅದಕ್ಕೂ ಹಿಂದೆ ಮಲೆನಾಡಿನವರು ಪ್ರತಿ ಗೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದರು. ಇಂದಿಗೂ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಕೊಳೆರೋಗಕ್ಕೆ ಶಿಫಾರಸು ಮಾಡುವುದು ಶೇಕಡಾ 1ರ ಬೋರ್ಡೋ ದ್ರಾವಣವನ್ನೇ. ಹೊಸ ಮದ್ದುಗಳು ಹಲವು ಬಂದಿವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ನೆಲದಲ್ಲಿ ಕಾಯಿಯ ಮೇಲೆ ಇಷ್ಟು ಗಟ್ಟಿಯಾಗಿ ಅಂಟಿ ನಿಲ್ಲುವ, ಇಷ್ಟು ಅಗ್ಗದ ಮದ್ದು ನನಗೆ ಬೇರೆ ಕಂಡಿಲ್ಲ.

ಅಳತೆ ಸುಲಭ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇನ್ನೂರು ಲೀಟರಿನ ಡ್ರಮ್ಮಿಗೆ ಎರಡೆರಡು ಕಿಲೋ. ತೆಂಗಿನ ಚಿಪ್ಪಿನಲ್ಲಿ ಅಥವಾ ಕೈಯಂದಾಜಿನಲ್ಲಿ ಅಳೆಯುವ ಅಭ್ಯಾಸವನ್ನು ಬಿಟ್ಟು ತಕ್ಕಡಿಯಲ್ಲಿ ತೂಗಿರಿ. ಸುಣ್ಣವನ್ನು ನೀರು ಹಾಕಿ ಅರಳಿಸುವ ಮೊದಲೇ ತೂಗಿರಿ, ಏಕೆಂದರೆ ಅರಳಿದ ಸುಣ್ಣದ ತೂಕದಲ್ಲಿ ನೀರೆಷ್ಟು, ಸುಣ್ಣವೆಷ್ಟು ಎಂದು ತಿಳಿಯುವುದಿಲ್ಲ.

ಮೈಲುತುತ್ತು ಕಡುನೀಲಿ ಹರಳುಗಳಾಗಿರಬೇಕು. ಹಸಿರು ಛಾಯೆ ಕಂಡರೆ ಅದರಲ್ಲಿ ಕಬ್ಬಿಣದ ಲವಣ ಬೆರೆತಿರುವ ಸಂಭವವುಂಟು. ಅಂಥದನ್ನು ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳಬೇಡಿ. ಹಿಂದಿನ ರಾತ್ರಿಯೇ ಹರಳುಗಳನ್ನು ಗೋಣಿ ತುಂಡಿನಲ್ಲಿ ಕಟ್ಟಿ, ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿಗೆ ಅಡ್ಡಲಾಗಿಟ್ಟ ಕೋಲಿನಿಂದ, ನೀರಿನ ಮೇಲ್ಮೈಯ ಕೆಳಗೆ ಮುಳುಗಿರುವಂತೆ ನೇತುಹಾಕಿರಿ. ಕರಗಿದ ನೀಲಿ ನೀರು ಭಾರವಾದ್ದರಿಂದ ತಾನಾಗಿ ಕೆಳಗಿಳಿಯುತ್ತದೆ, ಹೊಸ ನೀರು ಹರಳಿಗೆ ತಾಗುತ್ತದೆ, ಬೆಳಗಾಗುವಾಗ ಗಂಟು ಖಾಲಿಯಾಗಿರುತ್ತದೆ. ತಳಕ್ಕೆ ಸುರಿದ ಹರಳಾದರೆ ಮರುದಿನವೂ ಕಲ್ಲಿನಂತೆ ಅಲ್ಲಿಯೇ ಉಳಿದಿರುತ್ತದೆ. ಈ ದ್ರಾವಣಕ್ಕೆ ಕಬ್ಬಿಣದ ಅಥವಾ ತಗಡಿನ ಪಾತ್ರೆ ಕೂಡದು. ಕಬ್ಬಿಣವು ತಾಮ್ರವನ್ನು ತನ್ನ ಮೈಮೇಲೆ ಎಳೆದುಕೊಂಡು ಮದ್ದಿನ ಸತ್ವವನ್ನೇ ಕಸಿಯುತ್ತದೆ, ಪಾತ್ರೆಯೂ ತೂತು ಬೀಳುತ್ತದೆ.

ಸುಣ್ಣದ ವಿಷಯದಲ್ಲಿ ನನ್ನದು ಕಟ್ಟುನಿಟ್ಟಿನ ಅಭಿಪ್ರಾಯ: ಅಂಗಡಿಯ ಪ್ಯಾಕೆಟ್ಟಿನ ಸುಣ್ಣದ ಹುಡಿ ಬೇಡ. ಗಾಳಿ ತಾಗಿದ ಸುಣ್ಣ ದಿನ ಕಳೆದಂತೆ ಸೀಮೆಸುಣ್ಣವಾಗುತ್ತದೆ, ಅದಕ್ಕೆ ತಾಮ್ರವನ್ನು ಹಿಡಿದಿಡುವ ಶಕ್ತಿಯಿರುವುದಿಲ್ಲ. ಹೊಸದಾಗಿ ಸುಟ್ಟ ಚಿಪ್ಪುಸುಣ್ಣ ಸಿಕ್ಕಿದರೆ ಅದೇ ಉತ್ತಮ, ಇಲ್ಲವಾದರೆ ಗಟ್ಟಿ ಉಂಡೆಗಳಿರುವ ಕಲ್ಲುಸುಣ್ಣ. ಉಂಡೆಯ ಮೇಲೆ ಸ್ವಲ್ಪ ನೀರು ಚಿಮುಕಿಸಿದಾಗ ಸುಯ್ಯೆಂದು ಬಿಸಿಯಾಗಿ ಒಡೆದು ಹುಡಿಯಾಗಬೇಕು. ಸುಮ್ಮನೆ ನೆನೆದು ಕುಳಿತರೆ ಆ ಸುಣ್ಣವನ್ನು ಗೋಡೆಗೆ ಬಳಿಯಿರಿ. ಅರಳಿಸುವುದು ಮಣ್ಣಿನ ಅಥವಾ ಕಬ್ಬಿಣದ ಪಾತ್ರೆಯಲ್ಲಿ ಆಗಲಿ, ಆ ಕಾವಿಗೆ ಪ್ಲಾಸ್ಟಿಕ್ ಬಕೆಟಿನ ತಳ ಮೆತ್ತಗಾಗುತ್ತದೆ. ನೀರನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತ ಹೋಗಬೇಕು, ಮುಖವನ್ನು ದೂರವಿಡಬೇಕು, ಕನ್ನಡಕ ಧರಿಸಿರಬೇಕು. ಸುಣ್ಣದ ಒಂದು ಹನಿ ಸಿಡಿದರೆ ಕಣ್ಣೇ ಹೋದೀತು. ಅರಳಿದ ಬಳಿಕ ನೀರು ಸೇರಿಸಿ ಹಾಲಿನ ಹದಕ್ಕೆ ತಂದು, ಹಳೆಯ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿರಿ. ಸೋಸದೆ ಬಿಟ್ಟ ಮರಳಿನ ಕಣವೊಂದು ಮರದ ತುದಿಯಲ್ಲಿ ನಾಜಲಿಗೆ ಸಿಕ್ಕಿಕೊಂಡರೆ ಎಲ್ಲರ ಅರ್ಧ ದಿನದ ಕೆಲಸ ಕೆಡುತ್ತದೆ.

ಇನ್ನು ಕಲಸುವ ಹಂತ. ಮದ್ದು ಕೆಡುವುದು ಹೆಚ್ಚಾಗಿ ಇಲ್ಲಿಯೇ.

ಎರಡು ಕಿಲೋ ಮೈಲುತುತ್ತಿನ ದ್ರಾವಣವನ್ನು ನೀರು ಸೇರಿಸಿ ನೂರು ಲೀಟರ್ ಮಾಡಿಕೊಳ್ಳಿ. ಇನ್ನೊಂದು ದೊಡ್ಡ ಡ್ರಮ್ಮಿನಲ್ಲಿ ಸುಣ್ಣದ ಹಾಲನ್ನೂ ನೂರು ಲೀಟರಿಗೆ ತನ್ನಿ, ಆದರೆ ಅದರಲ್ಲಿ ಒಂದು ಬಕೆಟಿನಷ್ಟನ್ನು ಬದಿಗೆ ಎತ್ತಿಡಿ. ಎರಡೂ ಪೂರ್ತಿ ತಣ್ಣಗಾಗಿರಬೇಕು. ಅರಳಿದ ಸುಣ್ಣದ ಬಿಸಿ ಉಳಿದಿರುವಾಗ ಕಲಸಿದ ಮದ್ದಿನಲ್ಲಿ ಕಣಗಳು ದಪ್ಪವಾಗಿ ಬೇಗ ತಳ ಸೇರುತ್ತವೆ. ಬಳಿಕ ಒಬ್ಬರು ಮೈಲುತುತ್ತಿನ ನೀರನ್ನು ಸುಣ್ಣದ ಡ್ರಮ್ಮಿಗೆ ಸಣ್ಣ ಧಾರೆಯಾಗಿ ಸುರಿಯುತ್ತಿರಬೇಕು, ಇನ್ನೊಬ್ಬರು ಮರದ ಕೋಲಿನಿಂದ ನಿಲ್ಲಿಸದೆ ತಿರುಗಿಸುತ್ತಿರಬೇಕು. ಸುಣ್ಣಕ್ಕೆ ಮೈಲುತುತ್ತು ಬೀಳಬೇಕೇ ಹೊರತು ಮೈಲುತುತ್ತಿಗೆ ಸುಣ್ಣ ಬೀಳಬಾರದು. ಮೈಲುತುತ್ತಿನ ನೀರು ಹುಳಿ ಗುಣದ್ದು. ಸುರಿಯುವ ಪ್ರತಿ ಹನಿಯೂ ಬಿದ್ದ ಕೂಡಲೆ ಸುತ್ತಲೂ ಸುಣ್ಣವನ್ನೇ ಕಾಣಬೇಕು; ಆಗ ತಾಮ್ರವು ಜಿಗುಟಾದ ನಯವಾದ ಕಣಗಳಾಗಿ ನೀರಿನಲ್ಲಿ ತೇಲಿ ನಿಲ್ಲುತ್ತದೆ. ತಿರುಗಾಮುರುಗಾ ಮಾಡಿದರೆ ಕಣಗಳು ಒರಟಾಗುತ್ತವೆ, ಹತ್ತು ನಿಮಿಷ ಬಿಟ್ಟು ನೋಡಿದರೆ ಮೇಲೆ ತಿಳಿನೀರು, ಕೆಳಗೆ ಗಸಿ.

ಇದಕ್ಕಿಂತ ಸಾಮಾನ್ಯವಾದ ಇನ್ನೊಂದು ತಪ್ಪು ಅವಸರದ್ದು. ಹತ್ತು ಲೀಟರ್ ಗಟ್ಟಿ ಮೈಲುತುತ್ತಿನ ನೀರು, ಹತ್ತು ಲೀಟರ್ ಗಟ್ಟಿ ಸುಣ್ಣ, ಎರಡನ್ನೂ ಬಕೆಟಿನಲ್ಲಿ ಒಟ್ಟುಗೂಡಿಸಿ ಆಮೇಲೆ ಪೈಪಿನಿಂದ ಡ್ರಮ್ಮು ತುಂಬುವಷ್ಟು ನೀರು ಬಿಡುತ್ತಾರೆ. ಲೆಕ್ಕದಲ್ಲಿ ಅಳತೆ ಸರಿಯಾಗಿಯೇ ಇರುತ್ತದೆ. ಆದರೆ ಗಟ್ಟಿಯಾಗಿ ಸೇರಿದ ಮಿಶ್ರಣ ಒಡೆದ ಹಾಲಿನ ಹಾಗೆ ಗಡ್ಡೆಗಟ್ಟಿರುತ್ತದೆ, ಮತ್ತೆ ಎಷ್ಟು ನೀರು ಹೊಯ್ದರೂ ಅದು ನಯವಾಗುವುದಿಲ್ಲ, ಕಾಯಿಗೆ ಅಂಟುವುದೂ ಇಲ್ಲ. ನೀರು ಬೆರೆಸುವ ಕೆಲಸವೆಲ್ಲ ಕಲಸುವ ಮೊದಲೇ ಮುಗಿದಿರಬೇಕು.

ಸರಿಯಾದ ಮದ್ದು ಆಕಾಶನೀಲಿ ಬಣ್ಣಕ್ಕೆ ಬರುತ್ತದೆ. ಬಣ್ಣವನ್ನು ಮಾತ್ರ ನಂಬದೆ ಕತ್ತಿಯ ಪರೀಕ್ಷೆ ಮಾಡಿರಿ. ಹಳೆಯ ಕಬ್ಬಿಣದ ಕತ್ತಿಯನ್ನು ಹೊಯಿಗೆಯಿಂದ ಉಜ್ಜಿ ಹೊಳಪು ಬರಿಸಿ, ಮದ್ದಿನಲ್ಲಿ ಒಂದು ನಿಮಿಷ ಮುಳುಗಿಸಿ ತೆಗೆಯಿರಿ. ಅಲಗಿನ ಮೇಲೆ ತೆಳುವಾದ ಕೆಂಪು ಲೇಪ ಕಂಡರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದರ್ಥ; ಹಾಗೆಯೇ ಸಿಂಪಡಿಸಿದರೆ ಸಿಂಗಾರ (ಅಡಿಕೆಯ ಹೂಗೊಂಚಲು) ಮತ್ತು ಎಳೆಕಾಯಿ ಸುಟ್ಟುಹೋಗುತ್ತವೆ. ಬದಿಗಿಟ್ಟ ಬಕೆಟಿನಿಂದ ಸುಣ್ಣದ ಹಾಲನ್ನು ಒಂದೊಂದೇ ಚೆಂಬು ಸೇರಿಸಿ, ಕಲಕಿ, ಕತ್ತಿಯನ್ನು ಮತ್ತೆ ಉಜ್ಜಿ ಅದ್ದಿರಿ. ಕೆಂಪು ಏರದಿರುವವರೆಗೆ ಇದನ್ನೇ ಮಾಡಿರಿ. ಅಡುಗೆಮನೆಯ ಸ್ಟೀಲ್ ಚೂರಿಯಿಂದ ಈ ಪರೀಕ್ಷೆ ಮಾಡುವವರನ್ನು ಕಂಡಿದ್ದೇನೆ. ತುಕ್ಕು ಹಿಡಿಯದ ಸ್ಟೀಲು ಮದ್ದು ಕೆಟ್ಟಿದ್ದರೂ ಸಾಮಾನ್ಯವಾಗಿ ಬಣ್ಣ ತೋರಿಸುವುದಿಲ್ಲ, ಆದ್ದರಿಂದ ಆ ಪರೀಕ್ಷೆಗೆ ಬೆಲೆಯಿಲ್ಲ. ಲಿಟ್ಮಸ್ ಕಾಗದ ಸಿಗುವವರಿಗೆ ಅದು ಇನ್ನೂ ಒಳ್ಳೆಯದು: ಕೆಂಪು ಕಾಗದ ನಿಧಾನವಾಗಿ ನೀಲಿಗೆ ತಿರುಗಿದರೆ ಸಾಕು. ಭದ್ರವಿರಲಿ ಎಂದು ಮನಬಂದಂತೆ ಸುಣ್ಣ ಸುರಿಯುವುದೂ ಸಲ್ಲದು, ಸುಣ್ಣ ಮಿತಿಮೀರಿದರೆ ತಾಮ್ರ ಬಿಡುಗಡೆಯಾಗಲು ತಡವಾಗುತ್ತದೆ, ಆ ನಡುವೆ ರೋಗ ಹೊಕ್ಕಿರುತ್ತದೆ.

ಕಲಸಿದ ಮದ್ದನ್ನು ಅದೇ ದಿನ ಮುಗಿಸಬೇಕು. ನಿನ್ನೆಯ ಮದ್ದನ್ನು ಕಲಕಿ ಬಿಡುವುದೆಂದರೆ ಕೂಲಿಯನ್ನು ನೀರಿಗೆ ಹಾಕಿದಂತೆ.

ಮೊದಲ ಸಿಂಪಡಣೆ ಮಳೆಗಾಲ ಕಾಲಿಡುವ ಮೊದಲು, ಅಂದರೆ ಮೇ ಕೊನೆಗೆ ಅಥವಾ ಜೂನಿನ ಮೊದಲ ದಿನಗಳಲ್ಲಿ. ಎರಡನೆಯದು 40–45 ದಿನಗಳ ಬಳಿಕ, ಮಳೆ ಬಿಡುವು ಕೊಟ್ಟಾಗ. ಮಳೆ ಲಂಬಿಸಿದರೆ ಮೂರನೆಯದು. ಈ ಕ್ರಮಕ್ಕೆ ಕಾರಣವಿದೆ. ಕೊಳೆರೋಗದ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪದರದಲ್ಲಿ ಈಜಿ ಒಳಹೊಗುತ್ತವೆ. ಕಾಯಿಯ ಮೇಲೆ ಮೊದಲೇ ತಾಮ್ರದ ಲೇಪವಿದ್ದರೆ ಅಲ್ಲಿಯೇ ಸಾಯುತ್ತವೆ. ಒಳಹೊಕ್ಕ ರೋಗವನ್ನು ಬೋರ್ಡೋ ಗುಣಪಡಿಸಲಾರದು. ತೊಟ್ಟಿನ ಬಳಿ ನೀರು ಹಿಡಿದಂತೆ ಕಡುಹಸಿರು ಕಲೆ ಕಂಡ ಕಾಯಿ ಉದುರಿಯೇ ತೀರುತ್ತದೆ, ಮರುದಿನ ನೆಲದಲ್ಲಿ ಅದರ ಮೈಮೇಲೆ ಬಿಳಿ ಬೂಷ್ಟು ಏಳುತ್ತದೆ. ಅಂಥ ಕಾಯಿಗಳನ್ನು ದಿನವೂ ಹೆಕ್ಕಿ ತೋಟದಿಂದ ಹೊರಗೆ ಸುಡುವುದು ಅಥವಾ ಹೂಳುವುದು ಮದ್ದಿನಷ್ಟೇ ಮುಖ್ಯ.

ಗೊನೆಗಳು ಒಣಗಿರುವಾಗ ಸಿಂಪಡಿಸಿರಿ. ಗೊನೆಯ ಒಳಗಿನ ಕಾಯಿಗೂ ಮದ್ದು ತಲಪುವಂತೆ ಸಣ್ಣ ಹನಿಯ ನಾಜಲು ಬೇಕು. ಕಾಯಿಯಿಂದ ನೀರು ತೊಟ್ಟಿಕ್ಕಿ ಇಳಿಯುವಷ್ಟು ಹೊಯ್ಯುವುದು ವ್ಯರ್ಥ. ಈಗ ಕಾರ್ಬನ್ ಫೈಬರ್ ದೋಟಿಯಿಂದ (ಉದ್ದನೆಯ ಕೋಲಿನಿಂದ) ನೆಲದಲ್ಲಿ ನಿಂತೇ ಮದ್ದು ಬಿಡುವವರಿದ್ದಾರೆ, ಮರ ಏರುವವರು ಸಿಗದ ಈ ಕಾಲಕ್ಕೆ ಅದು ದೊಡ್ಡ ಉಪಕಾರ. ಆದರೆ ದೋಟಿ ಹಿಡಿದವರು ಗೊನೆಯ ಒಂದೇ ಮಗ್ಗುಲಿಗೆ ಮದ್ದು ಕೊಟ್ಟು ಮುಂದಿನ ಮರಕ್ಕೆ ಹೋಗುತ್ತಾರೆ. ಮರದ ಸುತ್ತ ಒಂದು ಹೆಜ್ಜೆ ಹಾಕಿ ಹಿಂಬದಿಗೂ ಬಿಡುವಂತೆ ಹೇಳಿರಿ. ಮಳೆ ಬಿಡದ ವರ್ಷಗಳಲ್ಲಿ ರಾಳವನ್ನು ಸೋಡದೊಂದಿಗೆ ಕುದಿಸಿ ಮಾಡಿದ ಅಂಟನ್ನು ಬೆರೆಸುವುದುಂಟು. ಸೋಪಿನ ಹುಡಿ ಬೇಡ.

ಎಂಡೋಸಲ್ಫಾನ್ ಕೀಟನಾಶಕದ ದುರಂತವನ್ನು ಕಂಡ ಜಿಲ್ಲೆ ನಮ್ಮದು. ಬೋರ್ಡೋ ಅಂಥ ವಿಷವಲ್ಲವಾದರೂ ತಾಮ್ರ ಮೀನಿಗೆ ಮಾರಕ, ಮಣ್ಣಿನಲ್ಲಿ ಕರಗಿಹೋಗದೆ ಸೇರುತ್ತ ಬರುತ್ತದೆ. ಉಳಿದ ಮದ್ದನ್ನು ತೋಡಿಗೆ, ಕೆರೆಗೆ, ನೀರಿನ ಸುರಂಗದ ಬಾಯಿಗೆ ಚೆಲ್ಲಬಾರದು. ಬಿಟ್ಟುಹೋದ ಗೊನೆಗಳಿಗೋ ಕಾಳುಮೆಣಸಿನ ಬಳ್ಳಿಗೋ ಸಿಂಪಡಿಸಿ ಮುಗಿಸಿರಿ, ಸೊರಗು ರೋಗಕ್ಕೂ ಇದೇ ಮದ್ದು. ಮದ್ದು ಬಿದ್ದ ಹುಲ್ಲನ್ನು ನಾಲ್ಕು ಮಳೆ ಬೀಳುವವರೆಗೆ ದನಗಳಿಗೆ ಹಾಕಬೇಡಿ. ಪಂಪಿನ ಒಳಗೆ ಮದ್ದು ಒಣಗಿದರೆ ವಾಲ್ವು ಕಚ್ಚುತ್ತದೆ, ಆದ್ದರಿಂದ ಸಂಜೆಯೇ ಒಳ್ಳೆಯ ನೀರು ಹಾಯಿಸಿ ತೊಳೆದು, ಎರಡನೆಯ ಸಿಂಪಡಣೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಮರ ಏರುವವರಿಗೆ ಅಂದೇ ಹೇಳಿಡಿ.