ಕೊರಿಯಾದ ಧಾರಾವಾಹಿಗಳ ಜಾಡಿನಲ್ಲಿ ಹತ್ತು ದಿನ: ಪ್ರವಾಸ ಯೋಜಿಸುವುದು ಹೇಗೆ?

ದಕ್ಷಿಣ ಕೊರಿಯಾದ ಚಾಂಗ್‌ವನ್ ನಗರದ ಅಂಚಿನಲ್ಲಿ ದೊಂಗ್‌ಬು ಎಂಬ ಪುಟ್ಟ ಹಳ್ಳಿಯಿದೆ. ಹಳ್ಳಿಯ ದಿಬ್ಬದ ಮೇಲೆ ಸುಮಾರು 500 ವರ್ಷ ಹಳೆಯದೆನ್ನಲಾದ, 16 ಮೀಟರ್ ಎತ್ತರದ ಒಂದು ಮರ ನಿಂತಿದೆ. ನಮ್ಮ ಊರುಗಳಲ್ಲಿ ಅರಳಿಕಟ್ಟೆಗೆ ಇರುವಂಥ ಮಾನ್ಯತೆ ಅಲ್ಲಿ ಆ ಮರಕ್ಕಿದೆ. ಊರನ್ನು ಕಾಯುವ ದೈವ ಅದರಲ್ಲಿ ನೆಲೆಸಿದೆಯೆಂಬ ನಂಬಿಕೆಯೂ ಇದೆ. 2022ರಲ್ಲಿ ಪ್ರಸಾರವಾದ ‘ಎಕ್ಸ್‌ಟ್ರಾರ್ಡಿನರಿ ಅಟಾರ್ನಿ ವೂ’ ಧಾರಾವಾಹಿಯಲ್ಲಿ ರಸ್ತೆ ಯೋಜನೆಯೊಂದಕ್ಕೆ ಬಲಿಯಾಗಲಿದ್ದ ಕಾಲ್ಪನಿಕ ಹಳ್ಳಿಯೊಂದು ಇದೇ ಮರದ ದೆಸೆಯಿಂದ ಉಳಿದುಕೊಳ್ಳುತ್ತದೆ. ಕಥೆಯಲ್ಲಿ ಆ ಮರಕ್ಕೆ ನೈಸರ್ಗಿಕ ಸ್ಮಾರಕದ ಸ್ಥಾನ ದೊರೆಯುತ್ತದೆ. ಧಾರಾವಾಹಿ ಮುಗಿದ ಕೆಲವೇ ವಾರಗಳಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಕೊರಿಯಾ ಸರ್ಕಾರ ನಿಜವಾದ ಮರವನ್ನೂ ನೈಸರ್ಗಿಕ ಸ್ಮಾರಕವೆಂದು ಘೋಷಿಸಿತು.

ತೆರೆಯ ಮೇಲೆ ಕಂಡ ಒಂದು ದೃಶ್ಯ ಒಂದು ದೇಶದ ಒಳಗಿನ ಬದುಕಿನವರೆಗೆ ನಮ್ಮನ್ನು ಕರೆದೊಯ್ಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಕನ್ನಡದ ಮನೆಗಳಲ್ಲಿಯೂ ಈಗ ಕೆ-ಡ್ರಾಮಾ ನೋಡುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಕೊರಿಯಾ ನೋಡಿಬರುವ ಆಸೆಯುಳ್ಳವರೂ ಕಡಿಮೆಯಿಲ್ಲ. ಅಂಥವರಿಗಾಗಿ, ಚಿತ್ರೀಕರಣದ ತಾಣಗಳನ್ನೇ ಆಧಾರವಾಗಿಟ್ಟುಕೊಂಡು ಹತ್ತು ದಿನಗಳ ಪ್ರವಾಸವನ್ನು ರೂಪಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ದೃಶ್ಯಗಳ ಪಟ್ಟಿ

ಇಷ್ಟದ ನಟನಟಿಯರ ಹೆಸರಿನಿಂದ ಆರಂಭಿಸಬೇಡಿ. ಮನಸ್ಸಿನಲ್ಲಿ ಉಳಿದ ದೃಶ್ಯಗಳಿಂದ ಆರಂಭಿಸಿ. ಹತ್ತು ಹನ್ನೆರಡು ದೃಶ್ಯಗಳನ್ನು ಬರೆದುಕೊಂಡು, ಪ್ರತಿಯೊಂದರ ಮುಂದೆ ಅದು ಹೊರಾಂಗಣವೋ ಒಳಾಂಗಣವೋ ಎಂದು ಗುರುತು ಹಾಕಿ. ಮನೆಯ ಒಳಗಿನ ದೃಶ್ಯಗಳು ಬಹುಪಾಲು ಸ್ಟುಡಿಯೊದಲ್ಲಿ ಹಾಕಿದ ಸೆಟ್‌ಗಳಲ್ಲಿ ನಡೆದಿರುತ್ತವೆ, ಚಿತ್ರೀಕರಣ ಮುಗಿದ ಮೇಲೆ ಆ ಸೆಟ್‌ಗಳು ಉಳಿಯುವುದು ಅಪರೂಪ. ಆದ್ದರಿಂದ ಅಂಥವನ್ನು ಪಟ್ಟಿಯಿಂದ ಕೈಬಿಟ್ಟು, ಬೀದಿ, ಕಡಲತೀರ, ಅರಮನೆ, ಸೇತುವೆ, ಮರ ಇವುಗಳನ್ನು ಮಾತ್ರ ಇಟ್ಟುಕೊಳ್ಳಿ.

ಕೊರಿಯಾದ ಧಾರಾವಾಹಿಗಳು ಕಂತಿನ ಕೊನೆಯಲ್ಲಿ ಚಿತ್ರೀಕರಣಕ್ಕೆ ನೆರವಾದ ನಗರಗಳಿಗೂ ಸಂಸ್ಥೆಗಳಿಗೂ ಕೃತಜ್ಞತೆ ಹೇಳುವ ರೂಢಿಯಿರುವುದರಿಂದ, ಜಾಗ ಯಾವುದೆಂಬುದರ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಮುಂದಿನ ಹುಡುಕಾಟಕ್ಕೆ ಒಂದು ಕೊರಿಯನ್ ಪದ ಬಹಳ ಉಪಯುಕ್ತ: ‘ಛ್ವಾರ್ಯೊಂಗ್‌ಜಿ’, ಎಂದರೆ ಚಿತ್ರೀಕರಣ ನಡೆದ ಸ್ಥಳ. ಧಾರಾವಾಹಿಯ ಕೊರಿಯನ್ ಹೆಸರನ್ನೂ ಈ ಪದವನ್ನೂ ಭಾಷಾಂತರದ ಆ್ಯಪ್‌ನ ನೆರವಿನಿಂದ ಹಂಗುಲ್ ಲಿಪಿಯಲ್ಲಿ ಪಡೆದು, ಅಲ್ಲಿನವರು ಬಳಸುವ ನೇವರ್ ಜಾಲತಾಣದಲ್ಲಿ ಹುಡುಕಿದರೆ ಇಂಗ್ಲಿಷಿನಲ್ಲಿ ಸಿಗದ ನಿಖರ ವಿಳಾಸಗಳು ದೊರೆಯುತ್ತವೆ. ಜೊತೆಗೆ ದೃಶ್ಯದ ಒಂದು ಸ್ಕ್ರೀನ್‌ಶಾಟ್ ಉಳಿಸಿಕೊಂಡಿರಿ. ಅಲ್ಲಿಗೆ ಹೋದಾಗ ಕ್ಯಾಮೆರಾ ಎಲ್ಲಿ ನಿಂತಿತ್ತು, ಬೆಳಕು ಯಾವ ಕಡೆಯಿಂದ ಬಿದ್ದಿತ್ತು ಎಂಬುದನ್ನು ಹೊಂದಿಸಿ ನೋಡುವುದಕ್ಕೆ ಅದೇ ಆಧಾರ.

ಧಾರಾವಾಹಿಗಿಂತ ರೈಲುಮಾರ್ಗ ಮುಖ್ಯ

ಹೆಚ್ಚಿನವರು ಎಡವುವುದು ಇಲ್ಲಿ. ಒಂದೇ ಧಾರಾವಾಹಿಯ ಎಲ್ಲ ತಾಣಗಳನ್ನೂ ನೋಡಬೇಕೆಂದು ಹೊರಟರೆ ದೇಶದ ಉದ್ದಗಲಕ್ಕೆ ಅಲೆಯಬೇಕಾಗುತ್ತದೆ. ಕೆಲವು ಧಾರಾವಾಹಿಗಳ ಜಾಡಂತೂ ಸ್ವಿಟ್ಜರ್ಲೆಂಡ್, ಕೆನಡಾಗಳವರೆಗೆ ಹೋಗುತ್ತದೆ. ಅದರ ಬದಲು ಬೇರೆ ಬೇರೆ ಧಾರಾವಾಹಿಗಳ ತಾಣಗಳನ್ನು ನಕಾಶೆಯ ಮೇಲೆ ಗುರುತಿಸಿ, ಒಂದೇ ರೈಲುಮಾರ್ಗದ ಆಸುಪಾಸಿನಲ್ಲಿ ಬರುವಂಥವನ್ನು ಒಟ್ಟುಗೂಡಿಸಿ. 2025ರ ಜನವರಿ 1ರಂದು ಪೂರ್ವ ಕರಾವಳಿಯ ದೊಂಗ್‌ಹೇ ರೈಲುಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ಈ ಕೆಲಸ ಬಹಳ ಸುಲಭವಾಗಿದೆ. ಮೊದಲು ಗಂಗ್‌ನುಂಗ್ ನೋಡಿ ಪೊಹಾಂಗ್‌ಗೆ ರೈಲಿನಲ್ಲಿ ಹೋಗಬೇಕಾದರೆ ಸುತ್ತಿ ಬಳಸಿ ಹೋಗಬೇಕಿತ್ತು. ಈಗ ಕಡಲಿನ ಪಕ್ಕದಲ್ಲೇ ಕೆಳಗಿಳಿದು ಬುಸಾನ್‌ವರೆಗೂ ಹೋಗಬಹುದು. ಆದ್ದರಿಂದ ನಾನು ಸೂಚಿಸುವ ದಾರಿ ಹೀಗಿದೆ: ರಾಜಧಾನಿ ಸೋಲ್‌ನಲ್ಲಿ ತಂಗಿ ನಾಲ್ಕು ದಿನ, ಗಂಗ್‌ನುಂಗ್‌ನಲ್ಲಿ ಒಂದು ದಿನ, ಪೊಹಾಂಗ್‌ನಲ್ಲಿ ಎರಡು ದಿನ, ಬುಸಾನ್ ಮತ್ತು ಚಾಂಗ್‌ವನ್‌ಗೆ ಎರಡು ದಿನ, ಹಿಂದಿರುಗುವಾಗ ಆಂಡೊಂಗ್‌ನಲ್ಲಿ ಒಂದು ದಿನ.

ಋತುವನ್ನೂ ಇದೇ ಹಂತದಲ್ಲಿ ನಿರ್ಧರಿಸಬೇಕು. ಚೆರ್ರಿ ಹೂವಿಗೆ ಏಪ್ರಿಲ್‌ನ ಆರಂಭ, ಎಲೆಗಳು ಬಣ್ಣ ತಿರುಗುವುದನ್ನು ನೋಡುವುದಕ್ಕೆ ಅಕ್ಟೋಬರ್‌ನ ಕೊನೆ ಮತ್ತು ನವೆಂಬರ್‌ನ ಆರಂಭ ಒಳ್ಳೆಯ ಕಾಲ. ಜೂನ್ ಕೊನೆಯಿಂದ ಜುಲೈವರೆಗೆ ಅಲ್ಲಿಯೂ ಮಳೆಗಾಲ. ಶರತ್ಕಾಲದ ಸುಗ್ಗಿ ಹಬ್ಬವಾದ ಚುಸೊಕ್ ಮತ್ತು ಚಾಂದ್ರಮಾನ ಹೊಸವರ್ಷದ ಸೊಲ್ಲಾಲ್ ಹಬ್ಬಗಳಲ್ಲಿ ಇಡೀ ದೇಶವೇ ಊರಿಗೆ ಹೊರಟಿರುತ್ತದೆಯಾದ್ದರಿಂದ ರೈಲಿನಲ್ಲಿ ಸೀಟು ಸಿಗುವುದು ಕಷ್ಟ.

ಹೊರಡುವ ಮುನ್ನ

ಭಾರತದ ಪಾಸ್‌ಪೋರ್ಟ್ ಇರುವವರು ಮೊದಲೇ ವೀಸಾ ಪಡೆದಿರಬೇಕು. ವೀಸಾ ವಿನಾಯಿತಿಯಿರುವ ದೇಶದವರಿಗೆ ಇರುವ ಆನ್‌ಲೈನ್ ಅನುಮತಿಯ ವ್ಯವಸ್ಥೆ ನಮಗೆ ಅನ್ವಯಿಸುವುದಿಲ್ಲ. ಗೂಗಲ್ ಮ್ಯಾಪ್ಸ್ ಕೊರಿಯಾದಲ್ಲಿ ನಮಗೆ ಇಲ್ಲಿ ಅಭ್ಯಾಸವಾಗಿರುವಷ್ಟು ನೆರವಾಗುವುದಿಲ್ಲ, ನಕಾಶೆಯ ದತ್ತಾಂಶವನ್ನು ಹೊರದೇಶಕ್ಕೆ ಕೊಡುವ ವಿಚಾರದಲ್ಲಿ ಅಲ್ಲಿನ ಸರ್ಕಾರ ಹೇರಿಕೊಂಡು ಬಂದ ನಿರ್ಬಂಧವೇ ಇದಕ್ಕೆ ಕಾರಣ. ನೇವರ್ ಮ್ಯಾಪ್ ಅಥವಾ ಕಕಾವೊ ಮ್ಯಾಪ್ ಹಾಕಿಕೊಂಡು, ನೋಡಬೇಕಾದ ಜಾಗಗಳ ಹೆಸರನ್ನು ಹಂಗುಲ್ ಲಿಪಿಯಲ್ಲೇ ಉಳಿಸಿಕೊಳ್ಳಿ. ಬಸ್ಸಿಗೂ ಮೆಟ್ರೊಗೂ ಮೊದಲೇ ಹಣ ತುಂಬಿಸಿಕೊಳ್ಳುವ ಟಿ-ಮನಿ ಕಾರ್ಡ್ ಸಾಕು; ಸಣ್ಣಪುಟ್ಟ ಅಂಗಡಿಗಳಲ್ಲೂ ಅದು ಸಿಗುತ್ತದೆ. ಭಾಷೆ ತಿಳಿಯದೆ ಎಲ್ಲಾದರೂ ಸಿಕ್ಕಿಕೊಂಡರೆ 1330 ಸಂಖ್ಯೆಗೆ ಕರೆ ಮಾಡಿದರೆ ಪ್ರವಾಸಿಗರ ಸಹಾಯವಾಣಿಯವರು ಇಂಗ್ಲಿಷಿನಲ್ಲಿ ನೆರವಾಗುತ್ತಾರೆ.

ಸಸ್ಯಾಹಾರಿಗಳು ಒಂದು ವಿಷಯವನ್ನು ತಿಳಿದಿರಲೇಬೇಕು. ಬರೀ ಸೊಪ್ಪು ತರಕಾರಿಯಂತೆ ಕಾಣುವ ಕಿಮ್ಚಿಯಲ್ಲಿ ಬಹಳ ಸಲ ಮೀನಿನ ಅಥವಾ ಸಿಗಡಿಯ ಹುದುಗಿಸಿದ ರಸ ಸೇರಿರುತ್ತದೆ. ‘ಗೋಗಿ ಪೇ ಜುಸೆಯೊ’ ಎಂದರೆ ಮಾಂಸ ಹಾಕಬೇಡಿ ಎಂದರ್ಥ. ಆದರೆ ಆ ಮಾತಿನಲ್ಲಿ ಮೀನು ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಹೇಳಬೇಕು. ಬೌದ್ಧ ವಿಹಾರಗಳ ಪದ್ಧತಿಯ ಊಟ ಸಿಗುವ ಕಡೆ ಈ ತೊಂದರೆಯಿಲ್ಲ.

ಸೋಲ್ ಮತ್ತು ಸುತ್ತಮುತ್ತ

ಕೊರಿಯಾದಲ್ಲಿ ಈ ಬಗೆಯ ಪ್ರವಾಸಕ್ಕೆ ದೊಡ್ಡ ಚಾಲನೆ ಸಿಕ್ಕಿದ್ದು ನಾಮಿ ದ್ವೀಪದಿಂದ. 1944ರಲ್ಲಿ ಚೊಂಗ್‌ಪ್ಯೊಂಗ್ ಅಣೆಕಟ್ಟಿನ ಹಿನ್ನೀರು ಏರಿದಾಗ ನದಿಯ ನಡುವೆ ದ್ವೀಪವಾಗಿ ಉಳಿದ ಈ ನೆಲದಲ್ಲಿ 2002ರ ‘ವಿಂಟರ್ ಸೊನಾಟಾ’ ಧಾರಾವಾಹಿಯ ದೃಶ್ಯಗಳು ಚಿತ್ರೀಕರಣಗೊಂಡವು. ಮರುವರ್ಷ ಅದು ಜಪಾನಿನಲ್ಲಿ ಪ್ರಸಾರವಾದಾಗ ಅಲ್ಲಿಂದ ಅಭಿಮಾನಿಗಳು ತಂಡತಂಡವಾಗಿ ಬರತೊಡಗಿದರು. ಸೋಲ್‌ನಿಂದ ಐಟಿಎಕ್ಸ್ ರೈಲಿನಲ್ಲಿ ಗಾಪ್ಯೊಂಗ್‌ವರೆಗೆ ಸುಮಾರು ಒಂದು ಗಂಟೆ. ಅಲ್ಲಿನ ದೋಣಿಕಟ್ಟೆಯಿಂದ ದೋಣಿಯಲ್ಲಿ ಐದೇ ನಿಮಿಷ. ಎರಡೂ ಬದಿಗೆ ಮೆಟಾಸಿಕೋಯಾ ಮರಗಳು ನೆಟ್ಟಗೆ ನಿಂತಿರುವ ಆ ಪ್ರಸಿದ್ಧ ದಾರಿಯನ್ನು ನೋಡಬೇಕಾದರೆ ಬೆಳಗಿನ ಮೊದಲ ದೋಣಿಗಳಲ್ಲೇ ಹೋಗುವುದು ಲೇಸು.

ಐತಿಹಾಸಿಕ ಧಾರಾವಾಹಿಗಳನ್ನು ಇಷ್ಟಪಡುವವರು ಒಂದು ದಿನವನ್ನು ಸುವೊನ್‌ಗೆ ಮೀಸಲಿಡಲಿ. ದೊರೆ ಜೊಂಗ್‌ಜೊ 1794ರಿಂದ 1796ರ ಅವಧಿಯಲ್ಲಿ ಕಟ್ಟಿಸಿದ ಹ್ವಾಸೊಂಗ್ ಕೋಟೆ ಮತ್ತು ಅದರೊಳಗಿನ ಅರಮನೆ ಅಲ್ಲಿವೆ. ಅರಮನೆಯ ಅಡುಗೆಯವಳಾಗಿದ್ದು ಮುಂದೆ ರಾಜವೈದ್ಯೆಯಾದ ಹೆಣ್ಣಿನ ಕಥೆ ಹೇಳುವ ‘ಡೇ ಜಾಂಗ್ ಗಮ್’ನ ಅನೇಕ ದೃಶ್ಯಗಳು ಅಲ್ಲೇ ನಡೆದಿವೆ. ಹತ್ತಿರದ ಯೊಂಗಿನ್‌ನಲ್ಲಿ 1974ರಲ್ಲಿ ತೆರೆದ ಕೊರಿಯಾ ಜಾನಪದ ಗ್ರಾಮವೂ ಇಂಥ ಧಾರಾವಾಹಿಗಳ ನಿತ್ಯದ ಅಂಗಳ. ಸ್ಟುಡಿಯೊಗಳ ಸೆಟ್ ನೋಡುವ ಯೋಚನೆಯಿದ್ದರೆ ಅದು ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿ, ಚಿತ್ರೀಕರಣಕ್ಕೋ ದುರಸ್ತಿಗೋ ಮುಚ್ಚುವುದುಂಟು. ಸೋಲ್‌ನ ಗ್ಯೊಂಗ್‌ಬೊಕ್ ಅರಮನೆಗೆ ಮಂಗಳವಾರ, ಚಾಂಗ್‌ದೊಕ್ ಅರಮನೆಗೆ ಸೋಮವಾರ ರಜೆ. ಕೊರಿಯಾದ ಸಾಂಪ್ರದಾಯಿಕ ಉಡುಪಾದ ಹನ್‌ಬೊಕ್ ತೊಟ್ಟು ಹೋದವರಿಗೆ ಎರಡೂ ಕಡೆ ಪ್ರವೇಶ ಉಚಿತ.

ಪೂರ್ವ ಕರಾವಳಿ

ಸೋಲ್‌ನಿಂದ ಕೆಟಿಎಕ್ಸ್ ವೇಗದ ರೈಲು ಎರಡು ಗಂಟೆಯಲ್ಲಿ ಗಂಗ್‌ನುಂಗ್ ತಲುಪಿಸುತ್ತದೆ. ಅಲ್ಲಿಂದ ನಗರ ಬಸ್ಸಿನಲ್ಲಿ ಜುಮುನ್‌ಜಿನ್ ಕಡೆಗೆ ಹೋದರೆ, ‘ಗಾಬ್ಲಿನ್’ನ ನಾಯಕ ನಾಯಕಿಯ ಭೇಟಿ ನಡೆಯುವ ಅಲೆತಡೆ ಸಿಗುತ್ತದೆ. ಸಮುದ್ರದೊಳಕ್ಕೆ ಚಾಚಿಕೊಂಡ ಸಣ್ಣ ಕಾಂಕ್ರೀಟ್ ಕಟ್ಟೆ, ಅದಕ್ಕಿಂತ ಹೆಚ್ಚಿನದೇನೂ ಅಲ್ಲಿಲ್ಲ. ಅಲೆ ಜೋರಾಗಿರುವ ದಿನ ಅದರ ಮೇಲೆ ಕಾಲಿಡದಿರುವುದೇ ಕ್ಷೇಮ. ಅರ್ಧ ಗಂಟೆಯಲ್ಲಿ ಅದನ್ನು ನೋಡಿ ಮುಗಿಸಿ, ಉಳಿದ ಹೊತ್ತನ್ನು ಜುಮುನ್‌ಜಿನ್‌ನ ಮೀನು ಮಾರುಕಟ್ಟೆಯಲ್ಲಿ ಕಳೆಯಬಹುದು.

ಪೊಹಾಂಗ್‌ಗೆ ಮಾತ್ರ ಅವಸರ ಮಾಡಬೇಡಿ. ಈ ಪ್ರವಾಸದ ತಿರುಳೇ ಅಲ್ಲಿದೆಯೆಂದು ನನ್ನ ಅಭಿಪ್ರಾಯ. 2019ರ ‘ವೆನ್ ದಿ ಕೆಮೀಲಿಯಾ ಬ್ಲೂಮ್ಸ್’ ಧಾರಾವಾಹಿಯ ಕಾಲ್ಪನಿಕ ಊರಾದ ಓಂಗ್‌ಸಾನ್ ಎಂದರೆ ಪೊಹಾಂಗ್‌ನ ಗುರ್ಯೊಂಗ್‌ಪೊ ಬಂದರು. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ ಜಪಾನಿನ ಮೀನುಗಾರರು ಬಂದು ನೆಲೆಸಿದ್ದ ಅಲ್ಲಿನ ಬೀದಿಯಲ್ಲಿ ಅವರ ಮರದ ಮನೆಗಳು ಇಂದಿಗೂ ಸಾಲಾಗಿ ನಿಂತಿವೆ. ಬೀದಿಯ ನಡುವಿನಿಂದ ಗುಡ್ಡಕ್ಕೆ ಏರುವ ಕಲ್ಲುಮೆಟ್ಟಿಲುಗಳ ಮೇಲೆ ಕುಳಿತು, ಧಾರಾವಾಹಿಯ ಪೋಸ್ಟರಿನಲ್ಲಿರುವಂತೆ ಬಂದರನ್ನು ಹಿನ್ನೆಲೆಯಾಗಿಸಿಕೊಂಡು ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ನೀವೂ ತೆಗೆಸಿಕೊಳ್ಳಿ, ಆದರೆ ಮೆಟ್ಟಿಲುಗಳ ಇಕ್ಕೆಲದ ಕಲ್ಲುಕಂಬಗಳನ್ನು ನೋಡದೆ ಬರಬೇಡಿ. ಊರಿಗೆ ದೇಣಿಗೆ ಕೊಟ್ಟ ಜಪಾನೀಯರ ಹೆಸರುಗಳು ಅವುಗಳ ಮೇಲಿದ್ದವು. ಸ್ವಾತಂತ್ರ್ಯಾನಂತರ ಊರಿನವರು ಆ ಹೆಸರುಗಳನ್ನು ಸಿಮೆಂಟಿನಿಂದ ಮುಚ್ಚಿ, ಕಂಬಗಳನ್ನು ಹಿಂದುಮುಂದಾಗಿ ತಿರುಗಿಸಿ, ಗುಡ್ಡದ ಮೇಲೆ ಹುತಾತ್ಮರ ಸ್ಮಾರಕ ಕಟ್ಟಲು ನೆರವಾದ ಕೊರಿಯನ್ನರ ಹೆಸರುಗಳನ್ನು ಇನ್ನೊಂದು ಮುಖದಲ್ಲಿ ಕೆತ್ತಿಸಿದರು. ಪ್ರೇಮಕಥೆಯೊಂದಕ್ಕೆ ಹಿನ್ನೆಲೆಯಾದ ಮೆಟ್ಟಿಲುಗಳಲ್ಲಿ ಒಂದು ಊರು ತನ್ನ ಗಾಯದೊಂದಿಗೆ ಹೇಗೆ ಬದುಕಿತೆಂಬುದು ಹೀಗೆ ಬರೆದಿಟ್ಟಂತಿದೆ.

ಎರಡನೆಯ ದಿನವನ್ನು 2021ರ ‘ಹೋಮ್‌ಟೌನ್ ಚಾ-ಚಾ-ಚಾ’ಗೆ ಇಟ್ಟುಕೊಳ್ಳಿ. ಅದರ ಕಡಲೂರು ಗೊಂಗ್‌ಜಿನ್ ಕೂಡ ಕಲ್ಪನೆಯೇ. ಚೊಂಗ್‌ಹಾ ಎಂಬಲ್ಲಿನ ಹಳೆಯ ಸಂತೆಯನ್ನು ಗೊಂಗ್‌ಜಿನ್ ಸಂತೆಯಾಗಿ ತೋರಿಸಲಾಗಿತ್ತು. ಐದು ದಿನಕ್ಕೊಮ್ಮೆ ಅಲ್ಲಿ ನಿಜವಾದ ಸಂತೆ ಕೂಡುತ್ತದೆ, ಆ ದಿನವೇ ಹೋಗುವಂತಾದರೆ ಚೆನ್ನ. ನಾಯಕನ ಅಜ್ಜನ ದೋಣಿ ಗುಡ್ಡದ ಮೇಲೆ ನಿಂತಿರುವ ಜಾಗದ ಹೆಸರು ಸಾಬಾಂಗ್ ಸ್ಮಾರಕ ಉದ್ಯಾನ. ಬೋಳಾಗಿ ಮಣ್ಣು ಕೊಚ್ಚಿಹೋಗುತ್ತಿದ್ದ ಇಲ್ಲಿನ ಗುಡ್ಡಗಳಲ್ಲಿ 1970ರ ದಶಕದಲ್ಲಿ ಮತ್ತೆ ಕಾಡು ಬೆಳೆಸಿದ ಕೆಲಸದ ನೆನಪಿಗೆ ಮಾಡಿದ ಉದ್ಯಾನ ಅದು. ಈ ಎರಡೂ ಕಡೆಗೆ ಬಸ್ಸುಗಳು ವಿರಳ; ಮೂರು ನಾಲ್ಕು ಮಂದಿ ಸೇರಿ ಅರ್ಧ ದಿನಕ್ಕೆ ಟ್ಯಾಕ್ಸಿ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಬೇರೆಯವರ ಮನೆಬಾಗಿಲಿನಲ್ಲಿ

ಇದೇ ಧಾರಾವಾಹಿ ಪ್ರಸಾರವಾಗುತ್ತಿದ್ದಾಗ, ಪಾತ್ರಗಳ ಮನೆಯಾಗಿ ತೋರಿಸಿದ್ದ ಮನೆಗಳಿಗೆ ಜನ ಮುತ್ತಿಕೊಂಡದ್ದರಿಂದ, ಅವು ಖಾಸಗಿಯವರ ಮನೆಗಳು, ದಯವಿಟ್ಟು ಅಲ್ಲಿಗೆ ಹೋಗಬೇಡಿ ಎಂದು ನಿರ್ಮಾಪಕರೇ ಪ್ರಕಟಣೆ ಹೊರಡಿಸಬೇಕಾಯಿತು. ಆದ್ದರಿಂದ ಪಟ್ಟಿಯಲ್ಲಿ ಯಾರಾದರೂ ವಾಸವಿರುವ ಮನೆಯಿದ್ದರೆ ಅದನ್ನು ತೆಗೆದುಹಾಕಿ. ಆಗುಂಬೆಯ ದೊಡ್ಡಮನೆಯನ್ನು ‘ಮಾಲ್ಗುಡಿ ಡೇಸ್’ ನೆನೆದು ನೋಡಲು ಹೋಗುವ ನಾವು, ಅಂಗಳದಲ್ಲಿ ನಿಂತು ಮನೆಯವರು ಬರಲೆಂದು ಕಾಯುತ್ತೇವೆಯಲ್ಲವೆ? ಅಷ್ಟೇ ಸಂಕೋಚ ಅಲ್ಲಿಯೂ ಬೇಕು, ಭಾಷೆ ಬಾರದಿರುವುದರಿಂದ ಅದಕ್ಕಿಂತ ಒಂದು ತೂಕ ಹೆಚ್ಚೇ ಬೇಕು.

ಕೆಲವೆಡೆ ಇದು ಕಾನೂನಿನ ವಿಷಯವೂ ಹೌದು. ಸೋಲ್‌ನ ಬುಕ್‌ಚೊನ್ ಬಡಾವಣೆಯ ಹಳೆಯ ಹೆಂಚಿನ ಮನೆಗಳ ಓಣಿಗಳಲ್ಲಿ, ಕೆಂಪು ವಲಯವೆಂದು ಗುರುತಿಸಿದ ಭಾಗಕ್ಕೆ ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಪ್ರವಾಸಿಗರು ಹೋಗುವಂತಿಲ್ಲ. 2025ರ ಮಾರ್ಚ್‌ನಿಂದ ಇದನ್ನು ಮೀರಿದವರಿಗೆ 1,00,000 ವೊನ್ ದಂಡವಿದೆ. ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಚಿತ್ರೀಕರಣಗೊಂಡ ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಎಂಬ ಹಳ್ಳಿಯೂ ಜನದಟ್ಟಣೆ ತಾಳಲಾರದೆ, ಸರೋವರದ ದೋಣಿಕಟ್ಟೆಗೆ ಗೇಟು ಹಾಕಿ 2023ರಿಂದ 5 ಫ್ರಾಂಕ್ ಶುಲ್ಕ ವಿಧಿಸಿದೆ.

ಮರ ಮತ್ತು ಸೇತುವೆ

ಪೊಹಾಂಗ್‌ನಿಂದ ಬುಸಾನ್‌ಗೆ ಬಂದು, ಒಂದು ದಿನ ಚಾಂಗ್‌ವನ್‌ನ ಆ ಮರಕ್ಕೆ ಹೋಗಿ. ನಗರದಿಂದ ದೂರವಿರುವುದರಿಂದ ಇಲ್ಲಿಗೂ ಟ್ಯಾಕ್ಸಿಯೇ ಅನುಕೂಲ, ಬಂದ ಟ್ಯಾಕ್ಸಿಯನ್ನು ಕಾಯಲು ಹೇಳಿ. ಬೇರುಗಳ ಸುತ್ತಲ ಮಣ್ಣು ತುಳಿತಕ್ಕೆ ಸಿಕ್ಕಿ ಗಟ್ಟಿಯಾದರೆ ಮರಕ್ಕೆ ಕೇಡು, ಆದ್ದರಿಂದ ಸ್ವಲ್ಪ ದೂರದಲ್ಲಿ ಕುಳಿತೇ ನೋಡಿ.

ಕೊನೆಯ ದಿನದ ಆಂಡೊಂಗ್‌ನಲ್ಲಿ ಮಾನ್‌ಹ್ಯುಜೊಂಗ್ ಎಂಬ ಮರದ ಮಂಟಪವಿದೆ. ಕೊರಿಯಾವನ್ನು ಆಳಿದ ಜೋಸೊನ್ ರಾಜವಂಶದ ಕಾಲದ ವಿದ್ವಾಂಸನೊಬ್ಬ ತನ್ನ ಇಳಿವಯಸ್ಸಿನ ವಿಶ್ರಾಂತಿಗೆಂದು 1500ರಲ್ಲಿ ಕಟ್ಟಿಸಿದ್ದು. ಅದರ ಮುಂದಿನ ತೊರೆಗೆ ಅಡ್ಡಲಾಗಿ ಹಾಕಿದ ಕಿರುಸೇತುವೆಯ ಮೇಲೆ 2018ರ ‘ಮಿಸ್ಟರ್ ಸನ್‌ಶೈನ್’ನ ಜೋಡಿ ಭೇಟಿಯಾಗುತ್ತದೆ. 2025ರ ಮಾರ್ಚ್‌ನಲ್ಲಿ ಆ ಪ್ರದೇಶಕ್ಕೆ ಕಾಳ್ಗಿಚ್ಚು ಹಬ್ಬಿದಾಗ ಮಂಟಪ ಸುಟ್ಟುಹೋಯಿತೆಂಬ ಸುದ್ದಿಯೇ ಮೊದಲು ಬಂದಿತ್ತು. ಬೆಳಗಾದ ಮೇಲೆ ಹೋಗಿ ನೋಡಿದರೆ ಸುತ್ತಲಿನ ಪೈನ್ ಮರಗಳು ಕಪ್ಪಾಗಿದ್ದವು, ಬೆಂಕಿ ತಡೆಯುವ ಹೊದಿಕೆಯನ್ನು ಮೊದಲೇ ಸುತ್ತಿ ಇಟ್ಟಿದ್ದರಿಂದ ಮಂಟಪ ಉಳಿದಿತ್ತು. ಆಂಡೊಂಗ್ ನಿಲ್ದಾಣದಿಂದ ಟ್ಯಾಕ್ಸಿಯಲ್ಲಿ ಹೋಗಿ, ಸೇತುವೆ ಇಕ್ಕಟ್ಟಾಗಿರುವುದರಿಂದ ಆಚೆಯಿಂದ ಬರುವವರಿಗೆ ದಾರಿ ಬಿಟ್ಟು ಆಮೇಲೆ ದಾಟಿ. ಸಂಜೆಯ ಕೆಟಿಎಕ್ಸ್ ಹಿಡಿದರೆ ಎರಡು ಗಂಟೆಯ ಆಸುಪಾಸಿನಲ್ಲಿ ಮತ್ತೆ ಸೋಲ್‌ನಲ್ಲಿರುತ್ತೀರಿ.