ಕೆರೆ ನೀರು ಅಳೆಯಲು ಒಂದು ತಟ್ಟೆ, ಒಂದು ಹಗ್ಗ, ಒಂದು ನೋಟ್‌ಬುಕ್

ದಾವಣಗೆರೆಯ ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಮಾಡುವಾಗ ಒಂದು ಮಾತು ಆಗಾಗ ಕಿವಿಗೆ ಬೀಳುತ್ತದೆ: ‘ನೀರು ಮೊದ್ಲಿನಂಗಿಲ್ಲ ನೋಡ್ರಿ.’ ಮೊದಲು ಹೇಗಿತ್ತು ಅಂತ ಕೇಳಿದರೆ ಹೇಳುವವರಿಲ್ಲ. ಯಾರೂ ಬರೆದಿಟ್ಟಿಲ್ಲ, ಅಲ್ವಾ? ನಮ್ಮೂರ ಕೆರೆಯದ್ದೂ ಇದೇ ಕತೆಯಾಗಿತ್ತು. ಅದಕ್ಕೇ ನಾನು ಬರೆಯಲು ಕೂತೆ.

ಮೊದಲ ವರ್ಷ ಬಿಡುವಾದಾಗಲೆಲ್ಲ ಹೋಗಿ ಅಳೆದೆ. ಒಂದು ದಿನ ಬೆಳಿಗ್ಗೆ ಆರಕ್ಕೆ, ಇನ್ನೊಂದು ದಿನ ಸಂಜೆ ನಾಲ್ಕಕ್ಕೆ, ಒಮ್ಮೆ ಏರಿ ಹತ್ತಿರ, ಮತ್ತೊಮ್ಮೆ ಹಿನ್ನೀರಿನಲ್ಲಿ. ವರ್ಷದ ಕೊನೆಗೆ ಆ ಅಂಕಿಗಳಲ್ಲಿ ಒಂದನ್ನೂ ಇನ್ನೊಂದರ ಪಕ್ಕ ಇಟ್ಟು ನೋಡಲು ಬರಲಿಲ್ಲ. ಅದೇ ಜಾಗ, ಅದೇ ಹೊತ್ತು, ಹದಿನೈದು ದಿನಕ್ಕೊಮ್ಮೆ. ಈ ನಿಯಮ ಹಿಡಿದರೆ ಅರ್ಧ ಕೆಲಸ ಮುಗಿಯಿತು.

ಜಾಗ ಆರಿಸುವುದು

ಚಿಕ್ಕ ಕೆರೆಯಿಂದ ಶುರು ಮಾಡಿ. ಚನ್ನಗಿರಿಯ ಸೂಳೆಕೆರೆ, ಚಿತ್ರದುರ್ಗದ ಭೀಮಸಮುದ್ರ ಒಬ್ಬಿಬ್ಬರ ಕೈಗೆ ನಿಲುಕುವಂಥವಲ್ಲ. ಮೊದಲು ಕೆರೆಯನ್ನು ಒಂದು ಸುತ್ತು ನಡೆದು ನೋಡಿ. ಹಳ್ಳ ಅಥವಾ ನಾಲೆ ನೀರು ಒಳಗೆ ಬರುವ ಬಾಯಿ, ತೂಬು, ಊರಿನ ಚರಂಡಿ ಬಂದು ಬೀಳುವ ಮೂಲೆ, ಈ ಮೂರು ಜಾಗ ಸಾಕು. ಗ್ರಾಮ ಪಂಚಾಯಿತಿಗೂ ಮೀನಿನ ಗುತ್ತಿಗೆದಾರರಿಗೂ ವಿಷಯ ತಿಳಿಸಿ. ಕುಂದವಾಡದಂತೆ ಕುಡಿಯುವ ನೀರು ಕೂಡಿಡುವ ಕೆರೆಯಾದರೆ ಪಾಲಿಕೆಯ ಒಪ್ಪಿಗೆ ಇಲ್ಲದೆ ನೀರಿಗೆ ಕೈ ಹಾಕಬೇಡಿ. ಒಬ್ಬರೇ ಹೋಗಬೇಡಿ. ಹೂಳಿನಲ್ಲಿ ಕಾಲು ಸಿಕ್ಕಿಕೊಂಡರೆ ಎಳೆಯಲು ಇನ್ನೊಬ್ಬರು ಬೇಕು.

ಹೋದ ಕೂಡಲೇ ನೀರಿನ ಮಟ್ಟ ಬರೆದುಕೊಳ್ಳಿ. ತೂಬಿನ ಒಂದು ಕಲ್ಲನ್ನು ಗುರುತು ಮಾಡಿ, ಅಲ್ಲಿಂದ ನೀರಿನವರೆಗೆ ಟೇಪು ಹಿಡಿದರಾಯಿತು.

ತಟ್ಟೆ ಇಳಿಸುವುದು

ನೀರು ಎಷ್ಟು ತಿಳಿ ಎಂದು ಅಳೆಯುವ ಈ ಉಪಾಯವನ್ನು 1865ರಲ್ಲಿ ಇಟಲಿಯ ಪಾದ್ರಿ ಆ್ಯಂಜೆಲೊ ಸೆಕ್ಕಿ ಪ್ರಯೋಗ ಮಾಡಿ ತೋರಿಸಿದರು. ಇವತ್ತಿಗೂ ಲೋಕದಾದ್ಯಂತ ಕೆರೆ ನೋಡುವವರು ಇದನ್ನೇ ಬಳಸುತ್ತಾರೆ. 20 ಸೆಂಟಿಮೀಟರ್ ಅಗಲದ ಹಳೇ ಸ್ಟೀಲ್ ತಟ್ಟೆ ತಗೊಳ್ಳಿ. ನಾಲ್ಕು ಭಾಗ ಮಾಡಿ ಎದುರುಬದುರು ಕಪ್ಪು, ಬಿಳಿ ಪೇಂಟ್ ಹಚ್ಚಿ. ನಡುವೆ ತೂತು ಕೊರೆದು ಹಗ್ಗ ಕಟ್ಟಿ, ಕೆಳಗೆ ಭಾರಕ್ಕೆ ದಪ್ಪ ನಟ್ಟು ಬಿಗಿಯಿರಿ. ಹಗ್ಗಕ್ಕೆ 10 ಸೆಂಟಿಮೀಟರಿಗೊಂದು ಗುರುತು ಹಾಕಿ.

ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ಒಳಗೆ, ತೂಬಿನ ಕಟ್ಟೆಯ ನೆರಳಿರುವ ಕಡೆ ತಟ್ಟೆಯನ್ನು ಮೆಲ್ಲಗೆ ಇಳಿಸಿ. ಕಣ್ಣಿಗೆ ಕಾಣದಾದ ಆಳ ಒಂದು. ಮೇಲೆತ್ತುವಾಗ ಮತ್ತೆ ಕಂಡ ಆಳ ಇನ್ನೊಂದು. ಎರಡರ ಸರಾಸರಿ ಬರೆಯಿರಿ. ತಟ್ಟೆ ತಳ ಮುಟ್ಟಿದರೂ ಕಾಣುತ್ತಿದ್ದರೆ ‘ತಳ ಕಾಣಿಸಿತು’ ಎಂದೇ ಬರೆಯಿರಿ.

ಜೊತೆಗೆ ಬಣ್ಣವನ್ನೂ ಬರೆಯಲೇಬೇಕು. ಮಳೆ ಬಂದ ಮರುದಿನ ಕೆಂಪು ಮಣ್ಣಿನಿಂದ ಕದಡಿದ ನೀರೂ, ಬೇಸಿಗೆಯಲ್ಲಿ ಪಾಚಿಯಿಂದ ಹಸಿರಾದ ನೀರೂ ಒಂದೇ ಅಂಕಿ ಕೊಡಬಹುದು. ಎರಡೂ ಒಂದೇ ಅಲ್ಲ. ಮಣ್ಣು ನಾಲ್ಕಾರು ದಿನಕ್ಕೆ ತಳ ಸೇರಬಹುದು. ಪಾಚಿ ಹಾಗಲ್ಲ. ಗದ್ದೆಯ ಯೂರಿಯಾ, ಡಿಎಪಿ, ಬಟ್ಟೆ ಸೋಪು, ಚರಂಡಿ ನೀರು ಬರುತ್ತಿರುವವರೆಗೂ ಅದಕ್ಕೆ ಊಟವಿದೆ. ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ಹಸಿರು ಕೆನೆ ಕಟ್ಟಿದ್ದರೆ ದನಗಳಿಗೆ ಆ ನೀರು ಕುಡಿಸಬೇಡಿ. ಅದರಲ್ಲಿ ವಿಷ ಬಿಡುವ ಜಾತಿಯೂ ಇರುತ್ತದೆ.

ಕೆರೆ ಉಸಿರಾಡುವುದನ್ನು ನೋಡುವುದು

ಎಲ್ಲಕ್ಕಿಂತ ಮುಖ್ಯ ನೀರಿನಲ್ಲಿ ಕರಗಿದ ಆಮ್ಲಜನಕ. ಹನಿ ಹನಿ ದ್ರಾವಣ ಹಾಕಿ ಬಣ್ಣ ನೋಡುವ ಚಿಕ್ಕ ಕಿಟ್‌ಗಳು ಸಿಗುತ್ತವೆ. ಬಾಟಲಿಯನ್ನು ನೀರಿನೊಳಗೇ ತುಂಬಿಸಿ, ಅಲ್ಲೇ ಮುಚ್ಚಳ ಹಾಕಬೇಕು. ಒಂದು ಗುಳ್ಳೆ ಒಳಗೆ ಉಳಿದರೂ ಲೆಕ್ಕ ತಪ್ಪುತ್ತದೆ. 30 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಲೀಟರಿಗೆ ಸುಮಾರು 7.5 ಮಿಲಿಗ್ರಾಂ. ಮೀನು ಬದುಕುವ ನೀರಿನಲ್ಲಿ ಕನಿಷ್ಠ 4 ಇರಬೇಕು ಎನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ.

ಇದನ್ನು ಮಾತ್ರ ಒಂದೇ ದಿನ ಎರಡು ಸಲ ಅಳೆಯಿರಿ: ಸೂರ್ಯ ಹುಟ್ಟುವ ಮೊದಲು ಒಮ್ಮೆ, ಮಧ್ಯಾಹ್ನ 3ಕ್ಕೆ ಇನ್ನೊಮ್ಮೆ. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೇ ಆಮ್ಲಜನಕ ಎಳೆದುಕೊಳ್ಳುತ್ತದೆ. ಪಾಚಿ ಜಾಸ್ತಿಯಾದ ಕೆರೆಯಲ್ಲಿ ಮಧ್ಯಾಹ್ನದ ಅಂಕಿ 10 ದಾಟಬಹುದು, ನಸುಕಿನಲ್ಲಿ 2ಕ್ಕೂ ಇಳಿಯಬಹುದು. ಮಧ್ಯಾಹ್ನ ಮಾತ್ರ ಹೋದವರು ‘ಕೆರೆ ಚೆನ್ನಾಗಿದೆ’ ಎಂದು ಬರೆದು ಬರುತ್ತಾರೆ. ಕಷ್ಟವಾದರೂ ಕತ್ತಲಿರುವಾಗಲೇ ಏಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂದು ತೋರಿಸುವ ಪಿಎಚ್ ಪಟ್ಟಿಯನ್ನೂ ಅದೇ ಎರಡು ಹೊತ್ತಿನಲ್ಲಿ ಅದ್ದಿ. 6.5ರಿಂದ 8.5 ಇದ್ದರೆ ಸರಿ. ಹಸಿರು ನೀರಿನಲ್ಲಿ ಮಧ್ಯಾಹ್ನ 9 ದಾಟುವುದುಂಟು. ಆಗ ಚರಂಡಿಯಿಂದ ಬಂದ ಅಮೋನಿಯ ಮೀನಿಗೆ ಇನ್ನಷ್ಟು ವಿಷವಾಗುತ್ತದೆ. ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಪೆನ್ ಇದ್ದರೆ ಮೂರೂ ಜಾಗದಲ್ಲಿ ಹಿಡಿಯಿರಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಅಂಕಿ ಏರುವುದು ಸಹಜ. ಚರಂಡಿ ಮೂಲೆಯಲ್ಲಿ ಮಾತ್ರ ಏರಿದ್ದರೆ ಅದಕ್ಕೆ ಬಿಸಿಲು ಕಾರಣವಲ್ಲ.

ಹುಳು, ಹಕ್ಕಿ

ಕಿಟ್ ಹೇಳುವುದು ಆ ಗಳಿಗೆಯ ಸುದ್ದಿ. ಹುಳುಗಳು ಹೇಳುವುದು ಕಳೆದ ಕೆಲವು ವಾರಗಳ ಸುದ್ದಿ. ದಡದ ಜೊಂಡಿನ ಬುಡಕ್ಕೆ ಅಡುಗೆ ಮನೆಯ ಹಳೇ ಜರಡಿ ಹಾಕಿ ಎತ್ತಿ, ನೀರಿರುವ ಬಿಳಿ ಟಬ್ಬಿಗೆ ಸುರಿಯಿರಿ. ಎರಡು ನಿಮಿಷ ಸುಮ್ನೆ ಕಾಯಿರಿ, ಒಂದೊಂದೇ ಅಲುಗಾಡಲು ಶುರುವಾಗುತ್ತವೆ. ಏರೋಪ್ಲೇನ್ ಚಿಟ್ಟೆಯ ಮರಿ, ಬಸವನಹುಳು, ಎಳೆಯಂಥ ಬಾಲವಿರುವ ಮೇಫ್ಲೈ ಮರಿ ಎಲ್ಲ ಕಂಡರೆ ಖುಷಿಪಡಿ. ಕೆಂಪು ದಾರದಂಥ ಹುಳು ಯಾವ ಹೂಳಿನಲ್ಲೂ ನಾಲ್ಕಾರು ಇರುತ್ತವೆ. ಅವಕ್ಕೆ ನಮ್ಮ ರಕ್ತದಲ್ಲಿರುವಂಥ ಹಿಮೋಗ್ಲೋಬಿನ್ ಇದೆ. ಆಮ್ಲಜನಕ ಕಡಿಮೆ ಇದ್ದರೂ ಬದುಕುತ್ತವೆ. ಟಬ್ಬಿನಲ್ಲಿ ಅವು ಮಾತ್ರ ಉಳಿದಿದ್ದರೆ ಕೆರೆಗೆ ಉಸಿರು ಕಟ್ಟಿದೆ. ನೋಡಿದ ಮೇಲೆ ಎಲ್ಲವನ್ನೂ ನೀರಿಗೆ ಬಿಡಿ.

ಹಕ್ಕಿಗಳನ್ನು ಅರ್ಧ ಗಂಟೆ ಎಣಿಸಿ. ಮುಳುಗುವ ಗುಳುಮುಳುಕ, ನೀರುಕಾಗೆ ಒಂದು ಕಡೆ, ತೆಳು ನೀರಿನಲ್ಲಿ ಕೆದಕುವ ಸಣ್ಣ ಹಕ್ಕಿಗಳು ಇನ್ನೊಂದು ಕಡೆ, ಬೇರೆ ಬೇರೆ ಬರೆಯಿರಿ. ಸುತ್ತಲೂ ಕಲ್ಲು ಕಟ್ಟಿ, ದಡದ ಕೆಸರು ತೆಗೆದು ‘ಅಭಿವೃದ್ಧಿ’ ಮಾಡಿದ ಕೆರೆಗಳಲ್ಲಿ ಎರಡನೇ ಗುಂಪಿಗೆ ಕಾಲೂರಲು ಜಾಗವೇ ಇರುವುದಿಲ್ಲ. ಇದು ನನಗೆ ತುಂಬಾ ನೋವಿನ ವಿಷಯ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ. ನಿಮ್ಮ ಲೆಕ್ಕವನ್ನೂ ಅದಕ್ಕೆ ಸೇರಿಸಬಹುದು.

ನೀರಿಗೆ ಮಲದ ಕೊಳೆ ಸೇರಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಎಣಿಕೆ ಮನೆಯಲ್ಲಾಗುವ ಕೆಲಸವಲ್ಲ. ಲ್ಯಾಬಿನವರೇ ಕೊಡುವ ಶುದ್ಧ ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ತಲುಪಿಸಿ.

ಮೀನು ಸತ್ತ ದಿನ

ಮೋಡ ಮುಚ್ಚಿದ ದಿನದ ಮರುದಿನ ಬೆಳಿಗ್ಗೆ ಅಥವಾ ಮೊದಲ ದೊಡ್ಡ ಮಳೆಯ ನಂತರ ಮೀನು ತೇಲುವುದು ಜಾಸ್ತಿ. ತಡಮಾಡದೆ ಹೋಗಿ. ಮೊದಲು ಆಮ್ಲಜನಕ ಅಳೆಯಿರಿ. ಬಿಸಿಲೇರಿದರೆ ಸಾಕ್ಷಿ ಅಳಿಸಿಹೋಗುತ್ತದೆ. ಮೂರೂ ಜಾಗದಿಂದ ಒಂದೊಂದು ಬಾಟಲಿ ನೀರು ತುಂಬಿ, ಹೊತ್ತು ಬರೆದು ಐಸ್‌ನಲ್ಲಿಡಿ. ಫೋಟೋ ತೆಗೆಯಿರಿ. ಯಾವ ಮೀನು ಸತ್ತಿದೆ, ಯಾವುದು ಬದುಕಿದೆ ನೋಡಿ. ಜಿಲೇಬಿ ಮೀನು ಕಡಿಮೆ ಆಮ್ಲಜನಕವನ್ನು ತಡೆದುಕೊಳ್ಳುತ್ತದೆ. ಅದೂ ಸತ್ತಿದ್ದರೆ ವಿಷದ ಅನುಮಾನವನ್ನೂ ಬರೆಯಿರಿ. ಸತ್ತ ಮೀನನ್ನು ಯಾರೂ ಮನೆಗೆ ಒಯ್ಯದಂತೆ ನೋಡಿಕೊಳ್ಳಿ. ಹಿಂದಿನ ಮೂರು ತಿಂಗಳ ಪುಟಗಳನ್ನು ಜೆರಾಕ್ಸ್ ಮಾಡಿಸಿ, ದೂರಿನ ಜೊತೆ ಲಗತ್ತಿಸಿ, ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೂ ಅದೇ ದಿನ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬನ್ನಿ.